ಡಬ್ಬಿಗಿಂತ ಜಾಗ ದೊಡ್ಡದು: ಜಿಯೋಕ್ಯಾಶಿಂಗ್ ರಸಿಕರಿಗೊಂದು ಕೈಪಿಡಿ

ಒಬ್ಬರಿಗೆ ಒಂದು ಜಾಗ ಹಿಡಿಸುತ್ತದೆ. ಊರಾಚೆಯ ಬಂಡೆಯೋ, ಕೆರೆ ಏರಿಯ ಹಳೆಯ ಅರಳಿಮರವೋ, ಯಾರೂ ತಿರುಗಿ ನೋಡದ ಮಂಟಪವೋ. ತಾವು ನೋಡಿದ್ದನ್ನು ಇನ್ನೊಬ್ಬರೂ ಬಂದು ನೋಡಲಿ ಎಂಬ ಆಸೆಯಿಂದ ಅವರು ನೀರಿಳಿಯದ ಡಬ್ಬಿಯೊಂದರಲ್ಲಿ ಪುಟ್ಟ ಪುಸ್ತಕ ಇಟ್ಟು ಅಲ್ಲೇ ಹತ್ತಿರದಲ್ಲಿ ಮರೆಮಾಡಿ, ಅದರ ಅಕ್ಷಾಂಶ ರೇಖಾಂಶಗಳನ್ನು ಜಿಯೋಕ್ಯಾಶಿಂಗ್ ಜಾಲತಾಣದಲ್ಲಿ ದಾಖಲಿಸುತ್ತಾರೆ. ನೀವು ಫೋನ್ ಹಿಡಿದು ಹೋಗಿ ಹುಡುಕುತ್ತೀರಿ. ಸಿಕ್ಕರೆ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರುತ್ತೀರಿ. ಆಟ ಇಷ್ಟೇ. ಹೊಸಬರು ಡಬ್ಬಿ ಸಿಕ್ಕಿತೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಪಳಗಿದವರು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಇಟ್ಟವರು ಊರೆಲ್ಲ ಬಿಟ್ಟು ಈ ಜಾಗವನ್ನೇ ಏಕೆ ಆರಿಸಿಕೊಂಡರು? ಆ ಪ್ರಶ್ನೆ ಹುಟ್ಟಿದ ದಿನ ನಿಮಗೆ ಈ ಆಟದ ರುಚಿ ಹತ್ತಿತು ಎಂದು ತಿಳಿಯಿರಿ.

ಇದು ತೀರ ಹೊಸ ಹವ್ಯಾಸ. ಅಮೆರಿಕದ ಸೇನೆ ಜಿಪಿಎಸ್ ಸಂಕೇತಗಳನ್ನು ಸಾರ್ವಜನಿಕರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿದ್ದ ಕಾಲವಿತ್ತು. ನೂರು ಮೀಟರ್‌ವರೆಗೂ ತಪ್ಪು ತೋರುತ್ತಿತ್ತು. 2000ದ ಮೇ ಮೊದಲ ವಾರದಲ್ಲಿ ಆ ಕೆಡಿಸುವಿಕೆ ನಿಂತಿತು. ಮೇ 3ರಂದು ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಬಕೆಟ್ ಇಟ್ಟು ಅದರ ಜಾಗದ ಅಂಕಿಗಳನ್ನು ಪ್ರಕಟಿಸಿದ. ಒಂದೆರಡು ದಿನದಲ್ಲೇ ಜನ ಹುಡುಕಿಕೊಂಡು ಹೋದರು. ಅಲ್ಲಿಂದ ಶುರುವಾದದ್ದು ಇಂದು ಎಲ್ಲ ಖಂಡಗಳಲ್ಲೂ ಇದೆ. ಈಗಿನ ಹಲವು ಫೋನುಗಳು ಜಿಪಿಎಸ್ ಜೊತೆಗೆ ನಮ್ಮ ನಾವಿಕ್ ಉಪಗ್ರಹಗಳನ್ನೂ ಕೇಳಿಸಿಕೊಳ್ಳುತ್ತವೆ. ಅವುಗಳ ನಿಯಂತ್ರಣ ಕೇಂದ್ರ ಇರುವುದು ಹಾಸನದಲ್ಲಿ, ಅಂದರೆ ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ಮೇಲೆ ಹಾದುಹೋಗುವ ಹೆದ್ದಾರಿಯಲ್ಲೇ ಇನ್ನಷ್ಟು ಮುಂದಕ್ಕೆ.

ಮೊದಲು ಅಂಕಿಗಳನ್ನು ಓದಲು ಕಲಿಯಬೇಕು. ತುಮಕೂರು ನಗರ ಇರುವುದು ಉತ್ತರ 13 ಡಿಗ್ರಿ 20 ನಿಮಿಷದ ಆಸುಪಾಸಿನಲ್ಲಿ. ಆಟಗಾರರು ನಿಮಿಷವನ್ನು ಮೂರು ದಶಮಾಂಶದವರೆಗೆ ಬರೆಯುತ್ತಾರೆ. ಅಕ್ಷಾಂಶದ ಒಂದು ನಿಮಿಷ ಎಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರ್, ಕೊನೆಯ ಅಂಕಿ ಒಂದು ಬದಲಾದರೆ ಎರಡು ಮೀಟರ್‌ಗೂ ಕಡಿಮೆ. ಬಟ್ಟಂಬಯಲಲ್ಲಿ ಫೋನ್ ಮೂರ್ನಾಲ್ಕು ಮೀಟರಿನೊಳಗೆ ನಿಮ್ಮನ್ನು ತಂದು ನಿಲ್ಲಿಸುತ್ತದೆ. ದೊಡ್ಡ ಬಂಡೆಯ ಪಕ್ಕದಲ್ಲಿ, ದಟ್ಟ ಮರದ ಕೆಳಗೆ ಅದರ ಮಾತು ನಂಬುವಂತಿಲ್ಲ. ಸಂಕೇತ ಕಲ್ಲಿಗೆ ಬಡಿದು ಬಳಸಿಕೊಂಡು ಬರುವುದರಿಂದ ಬಾಣದ ಗುರುತು ಅತ್ತಿತ್ತ ಓಲಾಡುತ್ತದೆ.

ಆ ಕೊನೆಯ ಹತ್ತು ಮೀಟರೇ ಆಟದ ಜೀವ. ಫೋನನ್ನು ಜೇಬಿಗೆ ಹಾಕಿ ಕಣ್ಣಿಗೆ ಕೆಲಸ ಕೊಡಿ. ಒಂದರ ಮೇಲೊಂದು ಪೇರಿಸಿದಂತಿರುವ ಚಪ್ಪಡಿ ಕಲ್ಲು, ಸುತ್ತಲಿನ ಸಂದುಗಳಿಗಿಂತ ಸ್ವಲ್ಪ ಹೆಚ್ಚು ಅಚ್ಚುಕಟ್ಟಾಗಿರುವ ಒಂದು ಸಂದು, ಬೇರಿನ ನಡುವೆ ತನ್ನಿಂದ ತಾನೇ ಬಂದಿರಲಾರದ ಒಣಕಡ್ಡಿ. ನಾನಾಗಿದ್ದರೆ ಎಲ್ಲಿಡುತ್ತಿದ್ದೆ ಎಂದು ಯೋಚಿಸಿದರೆ ಕೈ ತಾನೇ ಅತ್ತ ಹೋಗುತ್ತದೆ. ಆದರೆ ಕಾಣದ ಸಂದಿಗೆ ಬರಿಗೈ ಹಾಕಬಾರದು. ನಮ್ಮ ಬಂಡೆಗಳ ಸಂದಿನಲ್ಲಿ ಹಾವು ಚೇಳು ಇದ್ದೇ ಇರುತ್ತವೆ. ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಿದ ಮೇಲೇ ಕೈ.

ಪ್ರತಿ ಡಬ್ಬಿಗೂ ಎರಡು ಅಂಕಗಳಿರುತ್ತವೆ, ಒಂದರಿಂದ ಐದರವರೆಗೆ. ಮೊದಲನೆಯದು ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ, ಎರಡನೆಯದು ದಾರಿ ಎಷ್ಟು ಕಷ್ಟ ಎಂಬುದಕ್ಕೆ. ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲಿನ ಡಬ್ಬಿಗೆ ದಾರಿಯಂಕ ಒಂದೂವರೆ ಸಾಕಾದೀತು. ಅದೇ ತಾಲ್ಲೂಕಿನ ಹುತ್ರಿದುರ್ಗದಲ್ಲಿ ಬಾಗಿಲ ಮೇಲೆ ಬಾಗಿಲು ದಾಟಿ ಶಂಕರೇಶ್ವರನ ಗುಡಿಯವರೆಗೆ ಹತ್ತಬೇಕೆಂದರೆ ಮೂರಾದರೂ ಕೊಡಬೇಕು. ಈ ಎರಡು ಅಂಕಗಳ ನಡುವಿನ ಹೊಂದಾಣಿಕೆಯಲ್ಲಿ ಇಟ್ಟವರ ಕಸುಬು ಕಾಣುತ್ತದೆ. ಬೆಟ್ಟ ಹತ್ತಿಸಿದವರು ತುದಿಯಲ್ಲಿ ಡಬ್ಬಿಯನ್ನು ಸುಲಭವಾಗಿ ಸಿಗುವಂತಿಟ್ಟರೆ ಅದು ಸೌಜನ್ಯ. ಹತ್ತಿದವರು ಸುಸ್ತಾಗಿರುತ್ತಾರೆ, ಅವರಿಗೆ ಈಗ ಕಾಣಬೇಕಾದದ್ದು ಕೆಳಗಿನ ಬಯಲು. ಊರೊಳಗೆ, ನಾಲ್ಕು ಜನ ಓಡಾಡುವಲ್ಲಿ, ಕಣ್ಣೆದುರೇ ಇದ್ದೂ ಕಾಣದಂತೆ ಅಡಗಿಸುವುದು ಜಾಣ್ಮೆ. ಇದನ್ನು ತಿರುಗುಮುರುಗು ಮಾಡಿದ ಡಬ್ಬಿ ನನ್ನ ಮಟ್ಟಿಗೆ ಕೆಟ್ಟ ಡಬ್ಬಿ.

ಒಗಟಿನ ಡಬ್ಬಿಗಳದ್ದು ಇನ್ನೊಂದು ರುಚಿ. ಕೊಟ್ಟ ಅಂಕಿ ನಿಜವಾದ ಜಾಗದ್ದಲ್ಲ, ಲೆಕ್ಕ ಬಿಡಿಸಿದರೆ ಜಾಗ ತಿಳಿಯುತ್ತದೆ. ಗುಬ್ಬಿಯಲ್ಲಿ ಇಂಥದ್ದನ್ನು ಕಟ್ಟುವವರು ಗುಬ್ಬಿ ನಾಟಕ ಕಂಪನಿ ಶುರುವಾದ 1884, ಅದರ ಯಜಮಾನ ವೀರಣ್ಣನವರು ಹುಟ್ಟಿದ 1891, ತೀರಿಕೊಂಡ 1972 ಇವುಗಳ ಅಂಕಿಗಳಿಂದಲೇ ನಿಮಿಷದ ದಶಮಾಂಶಗಳನ್ನು ಹೊಂದಿಸಬಹುದು. ಆದರೆ ಕೂಡಿ ಕಳೆದು ಕೊನೆಗೆ ಬಸ್ ನಿಲ್ದಾಣದ ಕಂಬಕ್ಕೆ ತಂದು ನಿಲ್ಲಿಸಿದರೆ ಪ್ರಯೋಜನವಿಲ್ಲ. ಒಗಟು ಬಿಡಿಸಿದವರು ರಂಗಭೂಮಿಗೆ ಸಂಬಂಧಿಸಿದ ಒಂದು ಜಾಗದಲ್ಲಿ ನಿಲ್ಲಬೇಕು, ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದ ಕಂಪನಿ ಇದೇ ಊರಲ್ಲಿ ಹುಟ್ಟಿತು ಎಂದು ಅವರಿಗೆ ಅನ್ನಿಸಬೇಕು. ಒಗಟೂ ಜಾಗವೂ ಒಂದೇ ಕಥೆ ಹೇಳಿದರೆ ಮಾತ್ರ ಪೂರ್ತಿ ಅಂಕ.

ಡಬ್ಬಿಯೇ ಇಲ್ಲದ ಪ್ರಕಾರವೂ ಇದೆ. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘ ಶುರುಮಾಡಿದ ಅರ್ಥ್‌ಕ್ಯಾಶ್‌ನಲ್ಲಿ ಜಾಗಕ್ಕೆ ಹೋಗಿ, ನೆಲವನ್ನು ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಕಳಿಸಬೇಕು. ತುಮಕೂರು ಸೀಮೆಗೆ ಇದಕ್ಕಿಂತ ಒಪ್ಪುವ ಪ್ರಕಾರ ಇನ್ನೊಂದಿಲ್ಲ. ರಾಮನಗರವನ್ನೂ ನಮ್ಮ ಜಿಲ್ಲೆಯನ್ನೂ ಹಾದು ಉತ್ತರಕ್ಕೆ ಹೋಗುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಬಂಡೆಯ ಮೈಯಲ್ಲಿ ಗುಲಾಬಿ ಬಣ್ಣದ ಹರಳು ಎಷ್ಟು ದೊಡ್ಡದಿದೆ, ಪದರ ಯಾವ ಕಡೆಗೆ ಸಿಪ್ಪೆ ಬಿಡುತ್ತಿದೆ ಎಂದು ಬೆರಳಿಟ್ಟು ನೋಡಿದವರಿಗೆ ಆಮೇಲೆ ಯಾವ ಬೆಟ್ಟವೂ ಬರೀ ಬೆಟ್ಟವಾಗಿ ಕಾಣುವುದಿಲ್ಲ.

ಕುಣಿಗಲ್‌ನವರು ಒಂದು ಸಂಗತಿ ತಿಳಿದಿರಲೇಬೇಕು. ಭೂಪಟದಲ್ಲಿ 13 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 77 ಡಿಗ್ರಿ ಪೂರ್ವ ರೇಖಾಂಶ ಕರಾರುವಾಕ್ಕಾಗಿ ಒಂದನ್ನೊಂದು ಕತ್ತರಿಸುವ ಬಿಂದು ಕುಣಿಗಲ್ ಪೇಟೆಯಿಂದ ನೈಋತ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಇಂಥ ಪೂರ್ಣಾಂಕದ ಬಿಂದುಗಳನ್ನು ಹುಡುಕಿ, ಅಲ್ಲಿ ನಿಂತು ನಾಲ್ಕೂ ದಿಕ್ಕಿನ ಚಿತ್ರ ತೆಗೆದು ದಾಖಲಿಸುವ ಜಾಗತಿಕ ಕೆಲಸವನ್ನು ಅಲೆಕ್ಸ್ ಜಾರೆಟ್ 1996ರಲ್ಲಿ ಶುರುಮಾಡಿದ. ಜಿಯೋಕ್ಯಾಶಿಂಗ್‌ಗಿಂತ ಹಿರಿಯ ಆಟ ಅದು. ಆ ಬಿಂದುವನ್ನು ಆರಿಸಿದ್ದು ಮನುಷ್ಯರಲ್ಲ, ಲೆಕ್ಕ. ಹಾಗಾಗಿ ಅಲ್ಲಿ ಏನು ಕಂಡರೂ ಅದನ್ನು ನಿಮಗೆ ತೋರಿಸಲೆಂದು ಯಾರೂ ಇಟ್ಟಿರುವುದಿಲ್ಲ. ಪರದೆಯ ಮೇಲೆ ಸೊನ್ನೆಗಳೆಲ್ಲ ಒಟ್ಟಿಗೆ ಬೀಳುವವರೆಗೆ ಹೆಜ್ಜೆ ಹೆಜ್ಜೆ ಹಿಂದೆ ಮುಂದೆ ಸರಿಯುವುದನ್ನು ಒಮ್ಮೆ ಮಾಡಿ ನೋಡಿ. ಯಾರದಾದರೂ ಹೊಲ, ತೋಟ ಅಡ್ಡ ಬಂದರೆ ಕೇಳಿಕೊಂಡೇ ಕಾಲಿಡಿ.

ಇನ್ನು ನಮ್ಮವರದ್ದೇ ಆದ ಹಳೆಯ ಹುಡುಕಾಟವೊಂದಿದೆ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟ 1904ರಲ್ಲಿ ಬಂತು. ಪೂರ್ತಿ ತುಮಕೂರು ಜಿಲ್ಲೆಯದು, ತಾಲ್ಲೂಕುವಾರು ಕ್ರಮಸಂಖ್ಯೆ ಹಾಕಿದೆ. ಪ್ರತಿ ಶಾಸನದ ತಲೆಯ ಮೇಲೆ ಅದು ಯಾವ ಗ್ರಾಮದಲ್ಲಿ, ಯಾವ ಗುಡಿಯ ಬಳಿ ನೆಟ್ಟ ಕಲ್ಲು ಎಂಬ ಸುಳಿವು ಇರುತ್ತದೆ. ಆ ಗುಡಿಗಳು ಬದಲಾಗಿವೆ, ಹೊಲಗಳು ಕೈ ಬದಲಿಸಿವೆ, ಕೆಲವು ಕಲ್ಲುಗಳು ಚರಂಡಿಯ ಹಾಸಾಗಿರಲೂಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಹೀಗೇ ಕಲ್ಲು ಕಲ್ಲನ್ನೂ ಹುಡುಕಿ, ಜಾಗ ಗುರುತಿಸಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದೆ. ಜಿಯೋಕ್ಯಾಶಿಂಗ್ ಕಲಿತ ಕಣ್ಣಿಗೆ ಇದಕ್ಕಿಂತ ದೊಡ್ಡ ಉಪಯೋಗ ನನಗೆ ತೋಚುವುದಿಲ್ಲ. ಗೂಳೂರಿನ ಪಕ್ಕದ ಕೈದಾಳದಲ್ಲಿ ಶುರುಮಾಡಬಹುದು. ಶಿಲ್ಪಿ ಜಕಣಾಚಾರಿಯ ಕಥೆ ಕೇಳಿಕೊಂಡು ಚೆನ್ನಕೇಶವನನ್ನು ನೋಡಿ ಹೊರಡುವವರೇ ಹೆಚ್ಚು. ಹೊಯ್ಸಳ ಒಂದನೆಯ ನರಸಿಂಹನ ಸಾಮಂತ ಬಾಚಿ ಅಲ್ಲಿ ಗುಡಿಗಳನ್ನು ಕಟ್ಟಿಸಿದ ವಿವರವನ್ನು ಕಲ್ಲೇ ಹೇಳುತ್ತದೆ, ನಿಂತು ಹುಡುಕಬೇಕು.

ಸಮುದಾಯದ ನಡತೆಯನ್ನು ಬಾಯಿಪಾಠ ಮಾಡಿಕೊಳ್ಳಿ. ಡಬ್ಬಿಯಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದನ್ನು ಇಡಬೇಕು, ತಿನ್ನುವ ಪದಾರ್ಥ ಕೂಡದು. ನೆಲ ಅಗೆಯುವಂತಿಲ್ಲ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕು. ಸಿಗದೇ ಹೋದರೆ ಸಿಗಲಿಲ್ಲವೆಂದೇ ದಾಖಲಿಸಿ. ಡಬ್ಬಿ ಕಳೆದುಹೋಗಿದೆಯೇನೋ ಎಂದು ಇಟ್ಟವರಿಗೆ ತಿಳಿಯುವುದು ಅದರಿಂದಲೇ. ಸಿಕ್ಕಾಗ ‘ಟಿಎಫ್‌ಟಿಸಿ’ (ಡಬ್ಬಿಗೆ ಧನ್ಯವಾದ) ಎಂಬ ನಾಲ್ಕಕ್ಷರ ಗೀಚಿ ಹೋಗುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಬಿಸಿಲು ಹೇಗಿತ್ತು, ದಾರಿಯಲ್ಲಿ ಏನು ಕಂಡಿತು ಎಂದು ಎರಡು ಸಾಲು ಬರೆಯಿರಿ. ಇಟ್ಟವರಿಗೆ ಸಿಗುವ ಸಂಭಾವನೆ ಅದೊಂದೇ.

ನಮ್ಮಲ್ಲಿ ಇನ್ನೂ ಕೆಲವು ಎಚ್ಚರಗಳು ಬೇಕು. ದೇವರಾಯನದುರ್ಗ, ನಾಮದ ಚಿಲುಮೆ ಸುತ್ತಲಿನ ಕಾಡಿನಲ್ಲಿ ಚಿರತೆ, ಕರಡಿ ಇವೆ; ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ದಾರಿ ಬಿಟ್ಟು ಇಳಿಯಬೇಡಿ. ಸಂರಕ್ಷಿತ ಸ್ಮಾರಕದ ಒಳಗೆ ಡಬ್ಬಿ ಸಲ್ಲದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಂಥ ಕಡೆ, ರೈಲ್ವೆ ಸೇತುವೆ, ಅಣೆಕಟ್ಟೆಗಳ ಬಳಿ ಅಪರಿಚಿತ ಡಬ್ಬಿ ಎಂದರೆ ಪೊಲೀಸರು ಓಡಿ ಬರಬೇಕಾಗುತ್ತದೆ, ಅತ್ತ ತಲೆಹಾಕಲೇಬೇಡಿ. ಹೊರದೇಶದ ಆಟಗಾರರು ದಾರಿಹೋಕರಿಗೆ ಕಾಣದಂತೆ ಕದ್ದು ಹುಡುಕುವುದನ್ನೇ ಕಲೆ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅದು ನಡೆಯದು, ನಡೆಯಲೂ ಬಾರದು. ಕುರಿ ಕಾಯುವವರು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರೆ ಇದ್ದದ್ದನ್ನು ಹೇಳಿ, ಫೋನ್ ತೋರಿಸಿ. ಬಂಡೆಯ ಮೇಲೆ ನಿಧಿಗಾಗಿ ಗುಂಡಿ ತೋಡುವವರನ್ನು ಕಂಡ ಜನ ಅವರು. ಅವರ ಅನುಮಾನಕ್ಕೆ ಅರ್ಥವಿದೆ. ಅನುಮಾನ ಕಳೆದ ಮೇಲೆ ಆ ಊರಿನ ವೀರಗಲ್ಲು ಎಲ್ಲಿದೆ ಎಂದು ಹೇಳುವವರೂ ಅವರೇ.

ಬೆಂಗಳೂರಿನಲ್ಲಿರುವಷ್ಟು ಡಬ್ಬಿಗಳು ತುಮಕೂರು, ಕುಣಿಗಲ್, ಗುಬ್ಬಿ ಈ ನಮ್ಮ ಮೂರು ತಾಲ್ಲೂಕಿನಲ್ಲಿಲ್ಲ. ಅವನ್ನು ಇಡಬೇಕಾದವರು ಇಲ್ಲಿಯ ದಾರಿ, ಕೆರೆ, ಕಲ್ಲುಗಳನ್ನು ಬಲ್ಲ ನೀವೇ. ಮೊದಲು ಬೇರೆಯವರು ಇಟ್ಟ ಇಪ್ಪತ್ತನ್ನಾದರೂ ಹುಡುಕಿ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಕಣ್ಣು ಪಳಗಲಿ. ಆಮೇಲೆ ಜಾಗದ ಒಡೆಯರನ್ನು ಕೇಳಿ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಹೋಗಿ ನೋಡಿಕೊಳ್ಳುವಷ್ಟು ಹತ್ತಿರದಲ್ಲಿ ನಿಮ್ಮದೊಂದು ಇಡಿ. ವಿವರಣೆಯನ್ನು ಕನ್ನಡದಲ್ಲೂ ಬರೆಯಿರಿ. ಡಬ್ಬಿಯೊಳಗೆ ಪೆನ್ನು ಬೇಡ, ಸೀಸದಕಡ್ಡಿ ಹಾಕಿ. ತೇವದ ಕಾಗದದ ಮೇಲೂ ಅದು ಬರೆಯುತ್ತದೆ.