ತೆರೆದ ಪಾಠ, ಮುಚ್ಚಿದ ಆಕರ: ಶ್ರೀರಂಗಪಟ್ಟಣ ಸೀಮೆಯ ಶಾಸನಗಳು ಮತ್ತು ಮುಕ್ತ ವಿಜ್ಞಾನ

ಯುನೆಸ್ಕೊ 2021ರಲ್ಲಿ ಮುಕ್ತ ವಿಜ್ಞಾನದ ಶಿಫಾರಸನ್ನು ಅಂಗೀಕರಿಸಿದ ಮೇಲೆ ಆ ಪದ ನಮ್ಮಲ್ಲಿ ಬಹುಮಟ್ಟಿಗೆ ಒಂದೇ ಅರ್ಥಕ್ಕೆ ಸೀಮಿತವಾಗಿದೆ: ಲೇಖನ ಉಚಿತವಾಗಿ ದೊರೆಯಬೇಕು. ದೊರೆತದ್ದನ್ನು ಪರೀಕ್ಷಿಸಲು ಸಾಧ್ಯವೇ ಎಂಬುದು ಹಿಂದೆ ಉಳಿದಿದೆ. ಐತಿಹಾಸಿಕ ಭಾಷಾವಿಜ್ಞಾನಕ್ಕೆ ಈ ಎರಡನೆಯ ಪ್ರಶ್ನೆಯೇ ಮುಖ್ಯವೆಂಬುದು ನಮ್ಮ ವಾದ.

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟ (1894) ಶ್ರೀರಂಗಪಟ್ಟಣವನ್ನೂ ನಾಲ್ಕನೆಯದು (1898) ಕೃಷ್ಣರಾಜಪೇಟೆ, ನಾಗಮಂಗಲಗಳನ್ನೂ ಒಳಗೊಂಡಿವೆ. ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರನ್ನೂ ಅವರು ಕೊಟ್ಟರು. ಅನುವಾದವನ್ನು ಒಪ್ಪದವರು ಪಾಠಕ್ಕೆ ಮರಳಬಹುದಿತ್ತು. ಎ. ಎನ್. ನರಸಿಂಹಯ್ಯ (1941), ಜಿ. ಎಸ್. ಗಾಯಿ (1946) ಅವರ ಶಾಸನ ವ್ಯಾಕರಣಗಳು ಇಂಥ ಮುದ್ರಿತ ಪಾಠಗಳಿಲ್ಲದೆ ಸಾಧ್ಯವಾಗುತ್ತಿರಲಿಲ್ಲ.

ಆದರೆ ಪಾಠದಿಂದ ಕಲ್ಲಿಗೆ ಮರಳುವ ದಾರಿ ತೆರೆದಿರಲಿಲ್ಲ. ಬಹುಪಾಲು ಶಾಸನಗಳಿಗೆ ಪಡಿಯಚ್ಚಿನ ಚಿತ್ರವಿಲ್ಲ. ೞಕಾರ ಯಾವಾಗ ಳಕಾರದಲ್ಲಿ ಲೀನವಾಯಿತು, ಪದಾದಿಯ ಪಕಾರ ಯಾವಾಗ ಹಕಾರವಾಯಿತು ಎಂಬ ಕಾಲನಿರ್ಣಯಗಳು ಎಷ್ಟೋ ವೇಳೆ ಒಂದೊಂದು ಅಕ್ಷರದ ವಾಚನವನ್ನು ಅವಲಂಬಿಸುತ್ತವೆ. ಸವೆದ ಕಲ್ಲಿನಲ್ಲಿ ಕಂಡದ್ದೆಷ್ಟು, ಸಂಪಾದಕರು ಊಹಿಸಿ ತುಂಬಿದ್ದೆಷ್ಟು ಎಂಬುದು ತಿಳಿಯದಿದ್ದರೆ, ನಾವು ಎಣಿಸುತ್ತಿರುವುದು ಭಾಷೆಯ ರೂಪಗಳನ್ನೋ ಸಂಪಾದಕರ ರೂಢಿಯನ್ನೋ ಹೇಳಲಾಗದು.

ಇನ್ನೊಂದು ತೊಡಕು ಉಲ್ಲೇಖದ್ದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯ ಆರನೆಯ ಸಂಪುಟದಲ್ಲಿ (1977) ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳಿವೆ. ಏಳನೆಯದರಲ್ಲಿ (1979) ನಾಗಮಂಗಲವಿದೆ. ರೈಸ್ ಅವರಲ್ಲಿ ಶ್ರೀರಂಗಪಟ್ಟಣದ ಸರಣಿಯಲ್ಲಿದ್ದ ಮೇಲುಕೋಟೆ, ತೊಣ್ಣೂರುಗಳ ಶಾಸನಗಳು ಇಲ್ಲಿ ಪಾಂಡವಪುರಕ್ಕೆ ಸೇರಿ ಬೇರೆ ಸಂಖ್ಯೆ ಪಡೆದವು. ಪರಿಷ್ಕರಣ ಅಗತ್ಯವಾಗಿತ್ತು. ಆದರೆ ಆವೃತ್ತಿಯನ್ನು ಹೆಸರಿಸದೆ ತಾಲ್ಲೂಕು, ಸಂಖ್ಯೆಗಳನ್ನಷ್ಟೇ ಕೊಡುವ ಪ್ರಬಂಧ ಓದುಗರನ್ನು ಬೇರೊಂದು ಕಲ್ಲಿನ ಮುಂದೆ ನಿಲ್ಲಿಸಬಹುದು.

ಪಡಿಯಚ್ಚೂ ಅಂತಿಮ ಪ್ರಮಾಣವಲ್ಲ, ಅದರ ಮುಂದೆಯೂ ಪರಿಣತರು ಭಿನ್ನವಾಗಿ ಓದುತ್ತಾರೆ ಎಂಬ ಆಕ್ಷೇಪ ಸರಿಯೇ. ಆ ಭಿನ್ನತೆ ಕಾಣುವಂತಿರಬೇಕೆಂಬುದಷ್ಟೇ ನಮ್ಮ ಬೇಡಿಕೆ. ಶಾಸನಾಧಾರಿತ ಪ್ರಬಂಧಗಳು ಎರಡೂ ಆವೃತ್ತಿಗಳ ಸಂಖ್ಯೆ, ಸಾಲುಗಳ ಸಂಖ್ಯೆ, ಸಂದಿಗ್ಧ ಅಕ್ಷರಗಳ ಗುರುತು, ಎಣಿಕೆಗೆ ಬಳಸಿದ ಪೂರ್ಣ ಪಟ್ಟಿ ಇವುಗಳನ್ನು ಒದಗಿಸಲಿ. ಪತ್ರಿಕೆಗಳು, ನಮ್ಮದೂ ಸೇರಿ, ಇವಿಲ್ಲದ ಲೇಖನಗಳನ್ನು ತಿದ್ದಲು ಹಿಂತಿರುಗಿಸಲಿ. ಇದೇ ನಿಯಮವನ್ನು ಇಂದಿನ ಮಂಡ್ಯದ ಆಡುಮಾತಿನ ಧ್ವನಿಮುದ್ರಣಗಳಿಗೆ ಹಾಗೆಯೇ ಅನ್ವಯಿಸಲಾಗದು: ಅಲ್ಲಿ ಮಾತಾಡಿದವರ ಒಪ್ಪಿಗೆ ಮೊದಲು, ಮುಕ್ತತೆ ಅನಂತರ. ಕಲ್ಲಿನ ವಿಷಯದಲ್ಲಿ ನಮಗೆ ಆ ನೆಪವಿಲ್ಲ.