ಒಂದು ಸಾಲು, ಐದು ಅಂಕ

ಕರ್ನಾಟಕದ ಪಿಯು ಹಾಸ್ಟೆಲುಗಳಲ್ಲಿ ಈಗ ಅತಿ ಶ್ರದ್ಧೆಯಿಂದ ಪಾರಾಯಣಗೊಳ್ಳುವ ಗದ್ಯ ಕಾರಂತರದ್ದೂ ಅಲ್ಲ, ಭೈರಪ್ಪನವರದ್ದೂ ಅಲ್ಲ, ಎನ್‌ಸಿಇಆರ್‌ಟಿಯ ಜೀವಶಾಸ್ತ್ರ. ಮೂರು ಬಣ್ಣದ ಹೈಲೈಟರ್‌ಗಳಲ್ಲಿ ಮಿಂದು ಹೊಲಿಗೆ ಬಿಟ್ಟ ಪ್ರತಿಯನ್ನು ಹೆಮ್ಮೆಯಿಂದ ತೋರಿಸುವ ಮಕ್ಕಳಿದ್ದಾರೆ. ನೀಟ್‌ನಲ್ಲಿ ಅಂಕ ಏರಬೇಕೆಂದರೆ ‘ಲೈನ್ ಬೈ ಲೈನ್’ ಓದಬೇಕು ಎಂದು ಲೆಕ್ಚರರ್ ಹೇಳುತ್ತಾರೆ, ಸೀನಿಯರ್ ಹೇಳುತ್ತಾರೆ, ಫಲಿತಾಂಶದ ಮರುದಿನ ಬಾಯಲ್ಲಿ ಪೇಡಾ ಇಟ್ಟುಕೊಂಡು ಪತ್ರಿಕೆಗೆ ಫೋಟೊ ಕೊಟ್ಟವರೂ ಹೇಳುತ್ತಾರೆ. ಹತ್ತು ಸಲ ಓದಿದೆ, ಹದಿನೈದು ಸಲ ಓದಿದೆ ಎಂಬ ಲೆಕ್ಕವೂ ಜೊತೆಗಿರುತ್ತದೆ. ಈ ಮಾತಿಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಯನ್ನು ಮೀರಿದ್ದು.

ಸಲ್ಲಬೇಕಾದಷ್ಟನ್ನು ಸಲ್ಲಿಸಿಬಿಡೋಣ. 720 ಅಂಕದ ಪರೀಕ್ಷೆಯಲ್ಲಿ 360 ಜೀವಶಾಸ್ತ್ರದ್ದು. ಆ ತೊಂಬತ್ತು ಪ್ರಶ್ನೆಗಳಲ್ಲಿ ಬಹಳಷ್ಟು ಪಠ್ಯದ ವಾಕ್ಯಕ್ಕೆ ಅಂಟಿಕೊಂಡೇ ಹುಟ್ಟುತ್ತವೆ. ಪಠ್ಯ ಮುಟ್ಟದೆ ಗೈಡುಗಳನ್ನೇ ಓದುವವನಿಗೆ ‘ಮೊದಲು ಪುಸ್ತಕ ತೆಗೆ’ ಎಂದು ಹೇಳುವುದರಲ್ಲಿ ತಪ್ಪಿಲ್ಲ. ನನ್ನ ತಕರಾರು ಪುಸ್ತಕದ ಮೇಲಲ್ಲ, ಆ ಓದಿನ ಮೇಲೆ.

2024ರ ನೀಟ್ ಎಂದರೆ ಪ್ರಶ್ನೆಪತ್ರಿಕೆ ಸೋರಿಕೆ, ಗ್ರೇಸ್ ಅಂಕ, ಕೋರ್ಟು; ಎಲ್ಲರಿಗೂ ನೆನಪಿದೆ. ಆ ಗದ್ದಲದಲ್ಲಿ ಭೌತಶಾಸ್ತ್ರದ ಒಂದು ಪ್ರಶ್ನೆಗೆ ಸಿಗಬೇಕಾದ ಗಮನ ಸಿಗಲಿಲ್ಲ. ಎರಡು ಹೇಳಿಕೆ ಕೊಟ್ಟು ಯಾವುದು ಸರಿ, ಯಾವುದು ತಪ್ಪು ಎಂದು ಕೇಳುವ ಮಾದರಿ ಅದು. ಪರಮಾಣುವಿನಲ್ಲಿ ಧನ, ಋಣ ಆವೇಶ ಸಮನಾಗಿರುವುದರಿಂದ ಅದು ತಟಸ್ಥ ಎಂಬುದು ಮೊದಲನೆಯದು. ಪ್ರತಿಯೊಂದು ಧಾತುವಿನ ಪರಮಾಣುವೂ ಸ್ಥಿರ, ಮತ್ತು ತನ್ನದೇ ರೋಹಿತವನ್ನು ಹೊರಸೂಸುತ್ತದೆ ಎಂಬುದು ಎರಡನೆಯದು. ಮೊದಲನೆಯದರ ಬಗ್ಗೆ ಜಗಳವಿರಲಿಲ್ಲ. ಎರಡನೆಯದು ಹಳೆಯ ಎನ್‌ಸಿಇಆರ್‌ಟಿ ಪ್ರಕಾರ ಸರಿ; ಹೊಸ ಆವೃತ್ತಿಯಲ್ಲಿ ‘ಪ್ರತಿಯೊಂದು’ ಹೋಗಿ ‘ಹೆಚ್ಚಿನ’ ಬಂದಿತ್ತು, ಹಾಗಾಗಿ ತಪ್ಪು. ಅಣ್ಣನ ಪುಸ್ತಕ ಓದಿದವರಿಗೆ ಒಂದು ಉತ್ತರ, ಹೊಸದು ಕೊಂಡವರಿಗೆ ಇನ್ನೊಂದು. ಪರೀಕ್ಷೆ ನಡೆಸಿದ ಎನ್‌ಟಿಎ ಎರಡಕ್ಕೂ ಅಂಕ ಕೊಟ್ಟು ಕೈತೊಳೆದುಕೊಂಡಿತು. ಸುಪ್ರೀಂ ಕೋರ್ಟ್ ಐಐಟಿ ದೆಹಲಿಯ ಮೂವರು ತಜ್ಞರನ್ನು ಕೇಳಿತು; ಎರಡನೇ ಹೇಳಿಕೆ ತಪ್ಪು, ಸರಿಯುತ್ತರ ಒಂದೇ ಎಂದು ಅವರು ಹೇಳಿದರು. ಇನ್ನೊಂದಕ್ಕೆ ಗುರುತು ಹಾಕಿದ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಸಿಕ್ಕಿದ್ದ ನಾಲ್ಕು ಅಂಕ ಬಿಟ್ಟು, ಮೇಲೊಂದು ದಂಡವನ್ನೂ ತೆತ್ತರು. ಪೂರ್ಣ 720 ಪಡೆದಿದ್ದ 61 ಮಂದಿಯಲ್ಲಿ 44 ಜನ ಇಳಿದು 17 ಜನ ಉಳಿದರು.

ಈ ಪ್ರಸಂಗದಿಂದ ‘ಹೊಸ ಆವೃತ್ತಿಯನ್ನೇ ಕೊಳ್ಳಿ’ ಎಂಬ ಪಾಠವನ್ನು ಕೋಚಿಂಗ್ ಲೋಕ ಕಲಿತುಕೊಂಡಿತು. ಬೇರೇನೂ ಕಲಿಯಲಿಲ್ಲ. ಆದರೆ ಆ ಸಾಲು ಪುಸ್ತಕದಲ್ಲಿ ಎಲ್ಲಿ ನಿಂತಿದೆ ಎಂದು ನೋಡಿ. ಅದು ಪರಮಾಣುಗಳ ಅಧ್ಯಾಯದ್ದು. ರುದರ್‌ಫೋರ್ಡ್ ಮಾದರಿಯನ್ನು ನಂಬಿದರೆ, ಸುತ್ತುವ ಎಲೆಕ್ಟ್ರಾನ್ ಶಕ್ತಿ ಕಳೆದುಕೊಳ್ಳುತ್ತ ಸುರುಳಿ ಸುತ್ತಿ ನ್ಯೂಕ್ಲಿಯಸ್‌ಗೆ ಬಿದ್ದುಹೋಗಬೇಕು. ಬೀಳುವುದಿಲ್ಲ. ಯಾಕೆ? ಆ ಯಾಕೆಗೆ ಬೋರ್ ಉತ್ತರ ಹುಡುಕುತ್ತಾನೆ. ಅಲ್ಲಿ ಪರಮಾಣು ಸ್ಥಿರ ಎಂದರೆ ಎಲೆಕ್ಟ್ರಾನ್ ಒಳಗೆ ಕುಸಿಯುವುದಿಲ್ಲ ಎಂದು ಅರ್ಥ. ಆ ಅರ್ಥದಲ್ಲಿ ಯುರೇನಿಯಮ್ಮೂ ಸ್ಥಿರವೇ, ಹಳೆಯ ಸಾಲಿಗೆ ದೋಷವಿಲ್ಲ. ಮುಂದಿನ ಅಧ್ಯಾಯ ನ್ಯೂಕ್ಲಿಯಸ್‌ನದು. ಹಳೆಯ ಆವೃತ್ತಿ ಅಲ್ಲಿ ವಿಕಿರಣಪಟುತ್ವವನ್ನು ವಿಸ್ತಾರವಾಗಿಯೇ ವಿವರಿಸುತ್ತಿತ್ತು. ಅಲ್ಲಿ ಸ್ಥಿರ ಎಂಬ ಮಾತಿಗೆ ಬೇರೆ ಅರ್ಥ. ಯುರೇನಿಯಮ್, ರೇಡಿಯಮ್ ಕ್ಷಯಿಸುತ್ತಲೇ ಇರುವಂಥವು. ಎರಡೂ ಅಧ್ಯಾಯಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದವನು ಆವೃತ್ತಿಯ ಇಸವಿ ನೋಡಬೇಕಾಗಿರಲಿಲ್ಲ. ಪ್ರಶ್ನೆ ಯಾವ ಸಂದರ್ಭವನ್ನೂ ಹೇಳದೆ ‘ಪ್ರತಿಯೊಂದು’ ಎಂದಾಗಲೇ ಅವನಿಗೆ ಅನುಮಾನ ಬರಬೇಕು.

ಸಾಲುಸಾಲಾಗಿ ಓದಿದವನಿಗೆ ಬರುವುದಿಲ್ಲ. ಅವನಿಗೆ ಸಾಲು ಗೊತ್ತು, ಅದು ಯಾವ ಪ್ರಶ್ನೆಗೆ ಉತ್ತರವಾಗಿ ಬಂತು ಎಂಬುದು ಗೊತ್ತಿಲ್ಲ. ಹೈಲೈಟರ್ ಮಾಡುವುದೇ ಅದನ್ನು: ವಾಕ್ಯಕ್ಕೆ ಬಣ್ಣ ಬಳಿದು ಅಕ್ಕಪಕ್ಕದ ವಾಕ್ಯಗಳಿಂದ ಬೇರ್ಪಡಿಸುತ್ತದೆ. ಇದರಲ್ಲಿ ಪ್ರಶ್ನೆ ತೆಗೆದವರಿಗೂ ಪಾಲಿದೆ, ಅದನ್ನು ಯಾರೂ ಹೇಳುತ್ತಿಲ್ಲ. ಅವರೂ ಅದೇ ಶಾಲೆಯ ಓದುಗರು. ಅಧ್ಯಾಯದಿಂದ ಸಾಲೊಂದನ್ನು ಕಿತ್ತು, ಸಂದರ್ಭ ಸುಲಿದು ಒಎಂಆರ್ ಮುಂದಿಟ್ಟರು. ತಜ್ಞರ ತೀರ್ಮಾನಕ್ಕೆ ತಲೆಬಾಗುತ್ತೇನೆ; ಆ ಪ್ರಶ್ನೆಯನ್ನು ಒಳ್ಳೆಯ ಪ್ರಶ್ನೆ ಎನ್ನಲಾರೆ.

ಈ ಓದು ಅಂಕವನ್ನಾದರೂ ತರುತ್ತದೆಯೇ? ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಮುಂದಾದರು. ಹತ್ತು ಅಧ್ಯಯನ ವಿಧಾನಗಳನ್ನು ತೂಗಿ ನೋಡಿದ ಡನ್‌ಲಾಸ್ಕಿ ತಂಡ 2013ರಲ್ಲಿ ಮರುಓದು, ಹೈಲೈಟರ್ ಎರಡನ್ನೂ ಕೆಳಗಿನ ಸಾಲಿನಲ್ಲಿ ಕೂರಿಸಿತು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ದಿನ ಬಿಟ್ಟು ದಿನ ಹಂಚಿ ಓದುವುದು ಮೇಲಿನ ಸಾಲಿನಲ್ಲಿ ಕೂತವು. ಹತ್ತನೇ ಸಲ ಓದುವಾಗ ಪುಟ ಸರಾಗವಾಗಿ ಸಾಗುತ್ತದೆ. ಆ ಸರಾಗವನ್ನು ಹುಡುಗ ‘ಬಂತು’ ಎಂದು ತಿಳಿಯುತ್ತಾನೆ. ಬಂದದ್ದು ಮುಖಪರಿಚಯ ಅಷ್ಟೆ. ಒಂದು ತಪ್ಪಿಗೆ ನಾಲ್ಕೂ ಹೋಗಿ ಮೇಲೊಂದು ಕಳೆಯುವ ಪರೀಕ್ಷೆಯಲ್ಲಿ, ಗೊತ್ತಿಲ್ಲ ಎಂದು ಗೊತ್ತಿರುವವನು ಯೋಚಿಸುತ್ತಾನೆ, ಬೇಕಾದರೆ ಬಿಡುತ್ತಾನೆ. ಮುಖಪರಿಚಯವನ್ನೇ ನಂಬಿದವನು ನಿಶ್ಚಿಂತೆಯಿಂದ ತಪ್ಪು ವೃತ್ತ ತುಂಬುತ್ತಾನೆ.

ಇಲ್ಲಿ ನಮ್ಮ ಅಂಕಣಕಾರರ ಮೇಲೂ ನನಗೆ ಸಿಟ್ಟಿದೆ. ವರ್ಷಕ್ಕೊಮ್ಮೆ ಬಾಯಿಪಾಠವನ್ನು ಶಪಿಸಿ, ಸೃಜನಶೀಲತೆಯ ಬಗ್ಗೆ ನಿಟ್ಟುಸಿರಿಟ್ಟು, ತಮ್ಮ ಮಕ್ಕಳನ್ನು ಅದೇ ಹಾಸ್ಟೆಲಿಗೆ ಬಿಟ್ಟು ಬರುವವರು ಇವರು. ಬಾಯಿಪಾಠ ಅಪರಾಧವಲ್ಲ. ಮಗ್ಗಿ ಕಲಿಸಿದ ಮೇಷ್ಟ್ರು ‘ಏಳೆಂಟ್ಲೆ?’ ಎಂದು ನಡುವಿನಿಂದ ಕೇಳುತ್ತಿದ್ದರು, ಪಟ್ಟಿ ನೋಡಿ ಓದು ಎನ್ನುತ್ತಿರಲಿಲ್ಲ. ಕ್ರಮ, ಜಟೆ, ಘನ ಎಂದು ಪದಗಳನ್ನು ಹಿಂದುಮುಂದು ಹೆಣೆಯುವ ವೇದಪಾಠಿಗಳೂ ನೆನಪನ್ನು ಹಾಗೆಯೇ ಒರೆಗೆ ಹಚ್ಚುತ್ತಿದ್ದರು. ಲೈನ್ ಬೈ ಲೈನ್ ಓದಿನಲ್ಲಿ ಬಾಯಿಪಾಠ ಹೆಚ್ಚಾಯಿತು ಎಂಬುದು ಅಂಕಣಕಾರರ ದೂರು. ಒರೆಗೆ ಹಚ್ಚುವುದೇ ಇಲ್ಲದ ಅದನ್ನು ಬಾಯಿಪಾಠ ಎಂದು ಕರೆಯುವುದೇ ಹೆಚ್ಚು ಎಂಬುದು ನನ್ನದು.

ಇನ್ನೊಂದು ಬಳಗ ‘ಎನ್‌ಸಿಇಆರ್‌ಟಿ ಸಾಕು’ ಎಂಬುದನ್ನು ಸಾಮಾಜಿಕ ನ್ಯಾಯದ ಘೋಷಣೆ ಮಾಡಿಕೊಂಡಿದೆ. ಅಗ್ಗದ ಎರಡು ಪುಸ್ತಕವಿದ್ದರೆ ಹಳ್ಳಿಯ ಹುಡುಗಿಯೂ ಡಾಕ್ಟರಾಗಬಹುದು ಎಂಬ ವಾದ ಕೇಳಲು ಇಂಪು. 2017ರಿಂದ ನೀಟ್ ಕನ್ನಡದಲ್ಲೂ ಇದೆ. ಕನ್ನಡದ ಪ್ರಶ್ನೆ ಓದುವ ಹುಡುಗಿಗೆ ಇಂಗ್ಲಿಷ್ ಪಠ್ಯದ ಆ ಪವಿತ್ರ ಸಾಲು ಸಾಲಾಗಿ ಎದುರಾಗುವುದೇ ಇಲ್ಲ, ಅನುವಾದದ ವೇಷದಲ್ಲಿ ಬರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷೇ ಅಂತಿಮ ಎಂಬ ನಿಯಮ ಬೇರೆ. ಆಕೆಗೆ ಉಳಿಯುವುದು ವಿಷಯ ತಿಳಿಯುವ ದಾರಿಯೊಂದೇ, ಅದು ಎರಡು ಪುಸ್ತಕದ ಬೆಲೆಗೆ ಸಿಗುವುದಿಲ್ಲ. ಜೊತೆಗೆ ಪುಸ್ತಕವೂ ನಿಂತಲ್ಲಿ ನಿಲ್ಲುವುದಿಲ್ಲ. ಸಸ್ಯಗಳಲ್ಲಿ ಸಾಗಣೆ, ಖನಿಜ ಪೋಷಣೆ, ಜೀರ್ಣಕ್ರಿಯೆಯ ಅಧ್ಯಾಯಗಳು ಹೊರೆ ಇಳಿಸುವ ಹೆಸರಿನಲ್ಲಿ ಹೋದವು. ನಮ್ಮದೇ ಸಿಇಟಿಯಲ್ಲಿ, 2024ರಲ್ಲಿ, ಪಠ್ಯಕ್ರಮದ ಹೊರಗಿನವೆಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಬೇಕಾಯಿತು.

ಮಾಡಬೇಕಾದದ್ದು ಬೇರೆ. ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು, ತಪ್ಪಿದ್ದಕ್ಕೆ ಒಂದು ನೋಟುಪುಸ್ತಕ, ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಅಧ್ಯಾಯದ ಚಿತ್ರ: ಇವು ಫೋಟೊಗೆ ಒದಗುವ ಸಾಹಸಗಳಲ್ಲ, ಎಷ್ಟು ಸಲ ಎಂದು ಹೇಳಿಕೊಳ್ಳಲೂ ಬರುವುದಿಲ್ಲ. ಖಾಲಿ ಹಾಳೆ ಮೊದಮೊದಲು ಅವಮಾನವನ್ನೂ ಮಾಡುತ್ತದೆ, ಹೈಲೈಟರ್ ಯಾರನ್ನೂ ಅವಮಾನಿಸುವುದಿಲ್ಲ. 2025ರ ನೀಟ್‌ನಲ್ಲಿ ಭೌತಶಾಸ್ತ್ರ ಕಠಿಣವಾಗಿ ಬಂತು, ದೇಶದ ಮೊದಲ ರ‍್ಯಾಂಕಿಗೇ 686 ಅಂಕ. ಲೈನ್ ಬೈ ಲೈನ್ ಎಂಬ ಸಲಹೆಯನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.