ಹಬಲ್ ಯಾನಕ್ಕೆ ಸಂದ ಹೆಚ್ಚುವರಿ ಜೈಕಾರ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಥರ್ಮಾಕೋಲಿನ ಡಿಸ್ಕವರಿ ನೌಕೆ, ಅದರ ತೋಳಿಗೆ ಜೋತುಬಿದ್ದ ಹಬಲ್ ಕಂಡದ್ದುಂಟು. ಭಾರತದ ಬಾಹ್ಯಾಕಾಶ ವೀಕ್ಷಣಾಲಯ ಆಸ್ಟ್ರೋಸ್ಯಾಟ್ ಕಂಡದ್ದಿಲ್ಲ. ಮಕ್ಕಳ ತಪ್ಪಲ್ಲ, ಹಬಲ್ ದೂರದರ್ಶಕವನ್ನು ಕಕ್ಷೆಗೆ ಒಯ್ದ 1990ರ ಏಪ್ರಿಲ್‌ನ ಡಿಸ್ಕವರಿ ಯಾನವನ್ನು ಮನುಷ್ಯ ಸಾಹಸದ ಪರಮಾವಧಿ ಎಂದು ಬರೆದವರು ನಮ್ಮ ಲೇಖಕರೇ.

ಐವರನ್ನು ಹೊತ್ತು ಸುಮಾರು 610 ಕಿ.ಮೀ. ಎತ್ತರಕ್ಕೇರಿದ್ದು ಆ ಕಾಲಕ್ಕೆ ಷಟಲ್‌ನ ದಾಖಲೆ, ಒಪ್ಪೋಣ. ಆದರೆ ಏಪ್ರಿಲ್ 25ರಂದು ನಡೆದದ್ದನ್ನು ಸಾವಕಾಶವಾಗಿ ನೋಡಿ. ಗಗನಯಾತ್ರಿ ಸ್ಟೀವನ್ ಹಾಲಿ ಯಾಂತ್ರಿಕ ತೋಳಿನಲ್ಲಿ ದೂರದರ್ಶಕವನ್ನು ಎತ್ತಿ ಹಿಡಿದಿದ್ದರು. ಮೊದಲ ಸೌರಫಲಕ ಬಿಚ್ಚಿಕೊಂಡಿತು. ಎರಡನೆಯದು ತುಸು ಬಿಚ್ಚಿ ನಿಂತೇಬಿಟ್ಟಿತು. ಕೈಯಿಂದಲೇ ಬಿಚ್ಚೋಣವೆಂದು ಸಹಯಾತ್ರಿಗಳಾದ ಮೆಕ್‌ಕ್ಯಾಂಡ್ಲೆಸ್, ಕ್ಯಾಥರಿನ್ ಸಲಿವನ್ ಸ್ಪೇಸ್‌ಸೂಟ್ ತೊಟ್ಟು ಏರ್‌ಲಾಕ್ ಸೇರಿದರು. ಅಷ್ಟರಲ್ಲಿ, ಫಲಕದ ಬಿಗಿತ ಅಳೆಯುವ ಸಂವೇದಕವೇ ಸುಳ್ಳು ಹೇಳುತ್ತಿದೆ ಎಂದು ನೆಲದ ಮೇಲಿದ್ದವರು ಪತ್ತೆ ಹಚ್ಚಿ, ಅದನ್ನು ಕಡೆಗಣಿಸುವಂತೆ ಆಜ್ಞೆ ಕಳಿಸಿದರು. ಫಲಕ ಬಿಚ್ಚಿತು. ಹಬಲ್ ತೋಳಿನಿಂದ ಕಳಚಿಕೊಂಡಾಗ, ವರ್ಷಗಟ್ಟಲೆ ಅದಕ್ಕಾಗಿ ದುಡಿದ ಸಲಿವನ್ ಏರ್‌ಲಾಕಿನೊಳಗೇ ಇದ್ದರು. ಆ ಗಳಿಗೆಯನ್ನು ಕಾಣಲೇ ಇಲ್ಲ. ಸಾಹಸಕಥೆಗಾರರು ಈ ಭಾಗವನ್ನು ಮೆಲ್ಲಗೆ ದಾಟಿಸಿಬಿಡುತ್ತಾರೆ. ನಾಯಕರು ಕೋಣೆಯಲ್ಲಿ ಕಾಯುತ್ತ ಕೂತ ಕಥೆ ಯಾರಿಗೆ ಬೇಕು?

1993ರಲ್ಲಿ ಮನುಷ್ಯರು ಹೋಗಿ ದುರಸ್ತಿ ಮಾಡದಿದ್ದರೆ ಹಬಲ್ ಎಲ್ಲಿತ್ತು ಎನ್ನುವವರಿದ್ದಾರೆ. ನ್ಯಾಯವಾದ ಮಾತೇ. ಆದರೆ ಆ ದುರಸ್ತಿಗೆ ಕಾರಣವಾದ ದೋಷ, ಅಂದರೆ ಕನ್ನಡಿಯ ಅಂಚು 2.2 ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾದದ್ದು, ಭೂಮಿಯ ಮೇಲಿನ ಕಾರ್ಖಾನೆಯಲ್ಲಿ. ಪರೀಕ್ಷಿಸುವ ಉಪಕರಣದ ಮಸೂರವೇ 1.3 ಮಿ.ಮೀ. ಸರಿದು ಕೂತಿತ್ತು. ತೇಪೆ ಹಚ್ಚಿದವರಿಗೆ ಚಪ್ಪಾಳೆ ಸರಿ, ತೇಪೆಯೇ ಬೇಡದಂತೆ ಅಳೆಯುವ ಕಸುಬಿಗೆ?

ಆ ಕಸುಬು ಹೊಸಕೋಟೆಯಲ್ಲಿತ್ತು. 2015ರ ಸೆಪ್ಟೆಂಬರ್ 28ರಂದು ಪಿಎಸ್‌ಎಲ್‌ವಿ ಹೊತ್ತೊಯ್ದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಅಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಉಪಗ್ರಹದಿಂದ ಹೊಮ್ಮುವ ಆವಿ ಕನ್ನಡಿಯ ಮೇಲೆ ಕೂರದಿರಲೆಂದು ಕಕ್ಷೆಯಲ್ಲೂ ಎರಡು ತಿಂಗಳು ಬಾಗಿಲು ಮುಚ್ಚಿಟ್ಟು, ನವೆಂಬರ್ 30ಕ್ಕೆ ನೆಲದಿಂದಲೇ ತೆರೆದರು. ಪತ್ರಿಕೆಗಳು ‘ಪುಟ್ಟ ಹಬಲ್’ ಎಂದು ಬೆನ್ನು ತಟ್ಟಿ ಸುಮ್ಮನಾದವು. 2.4 ಮೀಟರ್ ಕನ್ನಡಿಯ ಪಕ್ಕ 38 ಸೆಂ.ಮೀ.ನದನ್ನು ನಿಲ್ಲಿಸುವುದು ಎಂಥ ಹೊಗಳಿಕೆ? ಒಂದೇ ಕಾಯವನ್ನು ನೇರಳಾತೀತ, ಎಕ್ಸ್‌ಕಿರಣ ಎರಡರಲ್ಲೂ ಏಕಕಾಲಕ್ಕೆ ನೋಡುವ ಅದರ ಅಸಲು ಹೆಚ್ಚುಗಾರಿಕೆ ಆ ಹೋಲಿಕೆಯಲ್ಲೇ ಮಾಯ. ಬಣ್ಣ ನೋಡಿ ಮೆಣಸಿನಕಾಯಿಯ ಖಾರ ಅಳೆಯಬಾರದೆಂದು ಬ್ಯಾಡಗಿ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

2016ರಲ್ಲಿ ಆಸ್ಟ್ರೋಸ್ಯಾಟ್ ಆಕಾಶದ ಒಂದು ತುಣುಕನ್ನು 28 ಗಂಟೆಗೂ ಹೆಚ್ಚು ಕಾಲ ದಿಟ್ಟಿಸಿತು. 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರ ತೀವ್ರ ನೇರಳಾತೀತ ಬೆಳಕು ಅದಕ್ಕೆ ಸಿಕ್ಕಿತೆಂದು 2020ರಲ್ಲಿ ಪುಣೆಯ ಖಗೋಳವಿಜ್ಞಾನಿ ಕನಕ್ ಸಾಹಾ ಅವರ ತಂಡ ಪ್ರಕಟಿಸಿತು. ಹಬಲ್ ಅದೇ ತುಣುಕನ್ನು ಮೊದಲೇ ಜಾಲಾಡಿತ್ತು. ಅದರ ಸಂವೇದಕದ ಹಿನ್ನೆಲೆ ಗದ್ದಲದಲ್ಲಿ ಈ ಬೆಳಕು ದಕ್ಕಿರಲಿಲ್ಲ.